ಸ್ಟೇಷನ್‌ನಲ್ಲಿ ಹೊಡೆದರೆ ಎಲ್ಲಿಗೆ ಹೋಗಬೇಕು? ಮಾನವ ಹಕ್ಕು ಆಯೋಗಕ್ಕೆ ದೂರು ಕೊಡೋದು ಹೇಗೆ? ಇಲ್ಲಿದೆ ಮಾಹಿತಿ

ವಿಚಾರಣೆ ಇದೆ ಬಾ ಅಂತ ಕರೆಸಿಕೊಂಡು ರಾತ್ರಿಯಿಡೀ ಸ್ಟೇಷನ್‌ನಲ್ಲಿ ಕೂರಿಸುತ್ತಾರೆ. ಎರಡೇಟು ಬೀಳುತ್ತೆ. ಬೆಳಗ್ಗೆ ಖಾಲಿ ಹಾಳೆ ಮೇಲೆ ಸಹಿ ಹಾಕಿಸಿಕೊಂಡು ಮನೆಗೆ ಕಳಿಸುತ್ತಾರೆ. ಎಫ್‌ಐಆರ್ ಇಲ್ಲ, ನೋಟಿಸ್ ಇಲ್ಲ. ಇಂಥ ಮಾತು ಟೀ ಅಂಗಡಿಯಲ್ಲಿ ಕೇಳದವರು ಕಡಿಮೆ. ಆಮೇಲೆ ಆಗೋದೂ ಗೊತ್ತಿರುವುದೇ. ಮುಖಂಡರ ಮನೆ, ಶಾಸಕರ ಮನೆ, ರಾಜಿ ಪಂಚಾಯಿತಿ ಅಂತ ತಿರುಗಾಡಿ ವರ್ಷ ಕಳೆಯುತ್ತೆ. ಕೊನೆಗೆ ಯಾರೋ 'ಮಾನವ ಹಕ್ಕು ಆಯೋಗಕ್ಕೆ ಹಾಕಿ' ಅಂತಾರೆ. ಅಷ್ಟೊತ್ತಿಗೆ ಬಾಗಿಲು ಮುಚ್ಚಿರುತ್ತೆ.

ಯಾಕಂದ್ರೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಘಟನೆ ನಡೆದು ಒಂದು ವರ್ಷ ದಾಟಿದ ಮೇಲೆ ಆಯೋಗ ಅದರ ವಿಚಾರಣೆ ಮಾಡುವಂತಿಲ್ಲ. ರಾಜಿಗೆ ಹೋಗಬೇಡಿ ಅಂತ ನಾವು ಹೇಳಲ್ಲ. ಆದರೆ ರಾಜಿ ಮಾತು ನಡೆಯುವಾಗಲೂ ದಿನ ಎಣಿಕೆ ನಿಲ್ಲಲ್ಲ.

ಯಾವುದು ಆಯೋಗದ ವಿಷಯ, ಯಾವುದು ಅಲ್ಲ

ಸರ್ಕಾರಿ ನೌಕರ ಹಕ್ಕು ಉಲ್ಲಂಘಿಸಿದರೆ, ಅದಕ್ಕೆ ಕುಮ್ಮಕ್ಕು ಕೊಟ್ಟರೆ, ಅಥವಾ ತಡೆಯಬೇಕಾದಾಗ ನಿರ್ಲಕ್ಷ್ಯ ಮಾಡಿದರೆ ಅದು ಆಯೋಗದ ವಿಷಯ. ಪೊಲೀಸರಷ್ಟೇ ಅಲ್ಲ, ಸರ್ಕಾರಿ ಆಸ್ಪತ್ರೆ, ಜೈಲು, ಹಾಸ್ಟೆಲ್, ಪುರಸಭೆ, ಎಲ್ಲದಕ್ಕೂ ಇದು ಅನ್ವಯ. ಪಕ್ಕದ ಮನೆಯವನ ಜೊತೆ ಬೇಲಿ ಜಗಳ, ಅಣ್ಣತಮ್ಮಂದಿರ ಪಾಲು, ಅಂಗಡಿ ಬಾಡಿಗೆ ತಕರಾರು, ನೌಕರನ ವರ್ಗಾವಣೆ ಇವನ್ನು ಹಾಕಿದರೆ ಅರ್ಜಿ ವಾಪಸ್ ಬರುತ್ತೆ. ಲಂಚ ಕೇಳಿದ್ದರೆ ಲೋಕಾಯುಕ್ತಕ್ಕೆ ಹೋಗಬೇಕು.

ವ್ಯಾಪಾರಿಗಳು ಒಂದು ಗಮನಿಸಿ. ಕೈಸಾಲ, ಚೀಟಿ ದುಡ್ಡು, ಮಾಲಿನ ಬಾಕಿ ಇವು ಸಿವಿಲ್ ವ್ಯವಹಾರ. ವಸೂಲಿ ಮಾಡಿಸೋದು ಪೊಲೀಸರ ಕೆಲಸ ಅಲ್ಲ. ಬಾಕಿ ಕಟ್ಟು ಅಂತ ಸ್ಟೇಷನ್‌ನಲ್ಲಿ ಕೂಡಿಹಾಕಿದರೆ, ನೀವು ನಿಜವಾಗಿ ಬಾಕಿ ಇದ್ದರೂ ಅದು ಅಕ್ರಮ ಬಂಧನವೇ.

ತಳ್ಳುಗಾಡಿಯವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಮಾಲು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ನೀವು ಕೇಳಿದಾಗ ಹಣ್ಣು-ತರಕಾರಿಯಂಥದ್ದನ್ನು ಅದೇ ದಿನ, ಕೆಡದ ವಸ್ತುವನ್ನು ಎರಡು ಕೆಲಸದ ದಿನದೊಳಗೆ ಬಿಡಬೇಕು. ಎಬ್ಬಿಸುವ ಮುಂಚೆ 30 ದಿನದ ನೋಟಿಸ್ ಬೇಕು.

ಮೊದಲ ಎರಡು ದಿನವೇ ಮುಖ್ಯ

ಕೇಸ್ ನಿಲ್ಲೋದು ಬೀಳೋದು ಆಯೋಗದಲ್ಲಲ್ಲ, ತಾಲೂಕು ಆಸ್ಪತ್ರೆಯಲ್ಲಿ. ಏಟು ಬಿದ್ದ ದಿನವೇ ಹೋಗಿ ಎಂಎಲ್‌ಸಿ ಮಾಡಿಸಿ. ಎಷ್ಟೋ ಜನ ಭಯಕ್ಕೆ ಡಾಕ್ಟರ್ ಹತ್ತಿರ 'ಬೈಕಿಂದ ಬಿದ್ದೆ' ಅಂತಾರೆ. ಆ ಒಂದು ಸಾಲು ಬರೆದ ಮೇಲೆ ಮುಂದೆ ಯಾರು ಏನು ಹೇಳಿದರೂ ನಂಬಿಸೋದು ಕಷ್ಟ. ಯಾರು, ಯಾವಾಗ, ಯಾವುದರಿಂದ ಹೊಡೆದರು ಅಂತ ಹೇಳಿ, ಬರೆಸಿ. ಗಾಯದ ಫೋಟೋ ತೆಗೆದಿಡಿ.

ಎರಡನೇದು ಕ್ಯಾಮೆರಾ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ರೆಕಾರ್ಡಿಂಗನ್ನು 18 ತಿಂಗಳು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದೆ. ಠಾಣೆಯಲ್ಲಿ ಹಲ್ಲೆಯಾಗಿ ಗಂಭೀರ ಗಾಯವಾದ ದೂರು ಬಂದರೆ ರಾಜ್ಯ ಮಾನವ ಹಕ್ಕು ಆಯೋಗ ಆ ದೃಶ್ಯ ತರಿಸಿಕೊಳ್ಳಬಹುದು ಅಂತಲೂ ಅದೇ ಆದೇಶದಲ್ಲಿದೆ. ಹಾಗಾಗಿ ದಿನಾಂಕ, ಸಮಯ ಹಾಕಿ, ದೃಶ್ಯ ಅಳಿಸದಂತೆ ಉಳಿಸಿ ಅಂತ ಎಸ್‌ಪಿಗೆ ಒಂದು ಮನವಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಕ್ಯಾಮೆರಾ ಕೆಟ್ಟಿತ್ತು ಅಂತ ಉತ್ತರ ಬರಬಹುದು. ಆ ಉತ್ತರವನ್ನೂ ಹಿಂಬರಹದಲ್ಲೇ ಕೇಳಿ. ಠಾಣೆ ಎದುರಿನ ಅಂಗಡಿಗಳ ಕ್ಯಾಮೆರಾದಲ್ಲಿ ಒಳಗೆ ಹೋಗಿದ್ದು, ಕುಂಟುತ್ತಾ ಹೊರಗೆ ಬಂದಿದ್ದು ಸಿಗಬಹುದು. ಡಿವಿಆರ್ ತುಂಬಿದಾಗ ಹಳೇದು ತಾನೇ ಅಳಿಸಿಹೋಗುತ್ತೆ, ಬೇಗ ಹೋಗಿ ಕೇಳಬೇಕು. ಅಂಗಡಿಯವರೂ ದಯವಿಟ್ಟು 'ನಮಗ್ಯಾಕೆ' ಅನ್ನಬೇಡಿ.

ಕರ್ಕೊಂಡು ಹೋದವರು ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲದಿದ್ದರೆ?

ಬಂಧಿಸಿದ ಮೇಲೆ ಕಾರಣ ಹೇಳಬೇಕು, ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿ, 1996ರ ಡಿ.ಕೆ. ಬಸು ತೀರ್ಪು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇವೆಲ್ಲದರ ಸಾರ ಇದೇ. 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಹೆಂಗಸರು ಇವರನ್ನು ಸಾಕ್ಷಿ ಹೇಳಿಕೆಗೆ ಅಂತ ಠಾಣೆಗೆ ಕರೆಸುವಂತಿಲ್ಲ. ಪೊಲೀಸರೇ ಮನೆಗೆ ಬರಬೇಕು.

24 ಗಂಟೆ ದಾಟಿದರೂ ಸುಳಿವಿಲ್ಲ ಅಂದ್ರೆ ಆಯೋಗಕ್ಕೆ ಕಾಯುತ್ತಾ ಕೂರಬೇಡಿ. ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಬೆಂಗಳೂರಿಗೇ ಹೋಗಬೇಕಂತಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠ ಇದೆ, ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರಿದೆಯೋ ಅಲ್ಲಿ ಹಾಕಬೇಕು. ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ 'ಪೊಲೀಸರಿಂದ ತೊಂದರೆ ಆಯ್ತಾ' ಅಂತ ಕೇಳುತ್ತಾರೆ. ಕೇಳದಿದ್ದರೂ ಆಗಲೇ ಹೇಳಬೇಕು. ಸುಮ್ಮನಿದ್ದರೆ ಮುಂದೆ ಅದನ್ನೇ ನಿಮ್ಮ ವಿರುದ್ಧ ಹೇಳುತ್ತಾರೆ.

ಅರ್ಜಿ ಹೇಗಿರಬೇಕು

ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ ಬೆಂಗಳೂರಿನಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲಿ ಬರೆದರೆ ಸಾಕು. ನೊಂದವರೇ ಕೊಡಬಹುದು, ಅವರ ಪರವಾಗಿ ಬೇರೆಯವರೂ ಕೊಡಬಹುದು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಎರಡು ಪುಟ ದಾಟಿಸಬೇಡಿ. ನಿಮ್ಮ ಹೆಸರು, ವಿಳಾಸ, ಘಟನೆಯ ದಿನಾಂಕ, ಸಮಯ, ಜಾಗ, ನೌಕರನ ಹೆಸರು ಅಥವಾ ಹುದ್ದೆ (ಹೆಸರು ಗೊತ್ತಿಲ್ಲದಿದ್ದರೆ 'ಆ ರಾತ್ರಿ ಡ್ಯೂಟಿಯಲ್ಲಿದ್ದ ಪಿಎಸ್‌ಐ' ಅಂದರೂ ನಡೆಯುತ್ತೆ), ಸಾಕ್ಷಿಗಳು, ನಿಮಗೆ ಏನು ಬೇಕು, ಇಷ್ಟು ಬರೆಯಿರಿ. ಅದೇ ವಿಷಯ ಕೋರ್ಟಿನಲ್ಲೋ ಬೇರೆ ಆಯೋಗದಲ್ಲೋ ಇದೆಯಾ ಅನ್ನೋದನ್ನು ಮುಚ್ಚಿಡಬೇಡಿ. ಎಂಎಲ್‌ಸಿ, ಫೋಟೋ, ಹಿಂದೆ ಕೊಟ್ಟ ಮನವಿಗಳ ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿ ಕಳಿಸಬೇಡಿ. ಹೆಸರಿಲ್ಲದ ಅರ್ಜಿ, 'ಎಲ್ಲಾ ಅಧಿಕಾರಿಗಳೂ ಭ್ರಷ್ಟರು' ಅನ್ನುವಂಥ ಅರ್ಜಿ ಉಳಿಯಲ್ಲ. ದೆಹಲಿಯ ರಾಷ್ಟ್ರೀಯ ಆಯೋಗಕ್ಕೂ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಆದರೆ ರಾಜ್ಯ ಆಯೋಗದ ಮುಂದಿರುವುದನ್ನು ಅದು ವಿಚಾರಣೆ ಮಾಡಲ್ಲ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ಅರ್ಜಿ ಸೇರಿದ ಮೇಲೆ ಆಯೋಗ ಸಂಬಂಧಪಟ್ಟ ಇಲಾಖೆಯಿಂದ ವರದಿ ಕೇಳುತ್ತೆ. ಸಾಮಾನ್ಯವಾಗಿ ಆ ವರದಿಯ ಪ್ರತಿ ನಿಮಗೂ ಬರುತ್ತೆ, ಉತ್ತರ ಕೊಡಿ ಅಂತ. ಬಹಳ ಜನ ಇಲ್ಲೇ ಕೈಬಿಡುತ್ತಾರೆ. ವರದಿಯಲ್ಲಿ 'ಆರೋಪ ಸುಳ್ಳು' ಅಂತ ಇರೋದು ನೋಡಿ ಬೇಜಾರಾಗಿ ಪತ್ರ ಮಡಿಸಿಡುತ್ತಾರೆ. ಉತ್ತರ ಹೋಗದಿದ್ದರೆ ಕೇಸ್ ಮುಕ್ತಾಯವಾಗುವ ಸಾಧ್ಯತೆಯೇ ಹೆಚ್ಚು. ವರದಿಯ ಯಾವ ಸಾಲು ತಪ್ಪು, ಅದಕ್ಕೆ ನಿಮ್ಮ ಹತ್ತಿರ ಏನು ದಾಖಲೆ ಇದೆ, ಅಷ್ಟು ಬರೆದು ಕಳಿಸಿ.

ಆಯೋಗ ಯಾರನ್ನೂ ಜೈಲಿಗೆ ಹಾಕಲ್ಲ. ಸಾಕ್ಷಿ ಕರೆಸಲು ಸಿವಿಲ್ ಕೋರ್ಟಿನ ಅಧಿಕಾರ ಇದೆ. ಕೊನೆಗೆ ಪರಿಹಾರ ಕೊಡಿ, ಇಲಾಖಾ ಕ್ರಮ ತಗೊಳ್ಳಿ, ಮೊಕದ್ದಮೆ ಹೂಡಿ ಅಂತ ಸರ್ಕಾರಕ್ಕೆ ಶಿಫಾರಸು ಮಾಡುತ್ತೆ. 'ಶಿಫಾರಸು ಅಷ್ಟೇನಾ' ಅಂತ ಕೇಳುವವರು ಇದ್ದಾರೆ. ಅಷ್ಟೇ. ಆದರೂ ಸ್ಟೇಷನ್‌ನ ನಾಲ್ಕು ಗೋಡೆಯೊಳಗೆ ಆದದ್ದಕ್ಕೆ ಮೇಲಧಿಕಾರಿ ಬರವಣಿಗೆಯಲ್ಲಿ ಉತ್ತರ ಕೊಡಬೇಕಾಗುತ್ತೆ. ನಂತರ ಹೈಕೋರ್ಟಿಗೆ ಹೋದರೂ ಆ ಕಾಗದ ಕೆಲಸಕ್ಕೆ ಬರುತ್ತೆ.

ಬೇರೆ ಬಾಗಿಲುಗಳು

ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಅದನ್ನೇ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ. ಇದಕ್ಕೆ ವಕೀಲರು ಬೇಕು, ದುಡ್ಡಿಲ್ಲ ಅನ್ನುವವರು ನಮ್ಮ ಕೋರ್ಟ್ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಜಾತಿ ಹೆಸರಿನಲ್ಲಿ ದೌರ್ಜನ್ಯ ಆಗಿದ್ದರೆ 1989ರ ಕಾಯ್ದೆ ಪ್ರಕಾರ ಡಿವೈಎಸ್‌ಪಿ ದರ್ಜೆಯವರು ತನಿಖೆ ಮಾಡಬೇಕು, ಪರಿಹಾರವೂ ಇದೆ. ಪೊಲೀಸರ ಮೇಲಿನ ದೂರಿಗೆಂದೇ ರಾಜ್ಯದಲ್ಲಿ ಪೊಲೀಸ್ ದೂರು ಪ್ರಾಧಿಕಾರವೂ ಇದೆ.

ಇನ್ನೊಂದು ಮಾತು. ಕಾರಿನ ಮೇಲೆ 'ಮಾನವ ಹಕ್ಕು' ಅಂತ ಕೆಂಪು ಬೋರ್ಡ್ ಹಾಕಿಕೊಂಡು, ಐಡಿ ಕಾರ್ಡ್ ತೋರಿಸಿ 'ನಿಮ್ಮ ಕೇಸ್ ನಾವು ಮಾಡಿಸಿಕೊಡ್ತೀವಿ' ಅಂತ ದುಡ್ಡು ಕೇಳುವವರು ಎಲ್ಲಾ ಊರಲ್ಲೂ ಇದ್ದಾರೆ. ಪ್ರಾಮಾಣಿಕವಾಗಿ ಕೆಲಸ ಮಾಡುವ ಸಂಘಟನೆಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಸರ್ಕಾರಿ ಆಯೋಗಕ್ಕೆ ತಾಲೂಕಿನಲ್ಲಿ ಏಜೆಂಟರಿಲ್ಲ. ಅರ್ಜಿಗೆ ಫೀಸೂ ಇಲ್ಲ.

ನಂಬರ್ ಬರೆದಿಟ್ಟುಕೊಳ್ಳಿ: ತುರ್ತು ಇದ್ದರೆ 112, ರಾಷ್ಟ್ರೀಯ ಮಾನವ ಹಕ್ಕು ಆಯೋಗ 14433, ಉಚಿತ ಕಾನೂನು ನೆರವು 15100, ಎಸ್‌ಸಿ-ಎಸ್‌ಟಿ ದೌರ್ಜನ್ಯ 14566, ಮಹಿಳೆಯರಿಗೆ 181, ಮಕ್ಕಳಿಗೆ 1098.