ನಲವತ್ತು ವ್ಯಾಟಿನ ಬೆಳಕು

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನಮ್ಮ ನವಲಗುಂದದ ಕಡೆ ಎಷ್ಟೋ ಬಡವರ ಮನೆಗಳು ಮಾತ್ರ 1979-80ರ ಭಾಗ್ಯಜ್ಯೋತಿ ಯೋಜನೆಯವರೆಗೆ ಕಾಯಬೇಕಾಯಿತು. ಮನೆಗೆ ಒಂದೇ ದೀಪ, 40 ವ್ಯಾಟಿನದು.

ಸಂಜೆಯಾದರೆ ಆ ದೀಪ ಕೆಂಪಗೆ ಮಿಣುಕುತ್ತಿತ್ತು. “ಇದರ ಬೆಳಕಿನ್ಯಾಗ ರೊಟ್ಟಿ ಸುಟ್ಟದ್ದೂ ಕಾಣಂಗಿಲ್ಲವಾ” ಎನ್ನುತ್ತ ನಮ್ಮ ಓಣಿಯ ದೊಡ್ಡವ್ವ ಚಿಮಣಿ ಹಚ್ಚಿಕೊಳ್ಳುತ್ತಿದ್ದಳು.

ದೊಡ್ಡವ್ವನ ಮಾತಿಗೆ ಲೆಕ್ಕವೇ ಸಾಕ್ಷಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು, ಭಾಗಿಸಿದರೆ ರೋಧ. 230 ವೋಲ್ಟಿನಲ್ಲಿ ಆ ಬಲ್ಬಿಗೆ ಹರಿಯುವುದು 0.174 ಆಂಪಿಯರ್, ರೋಧ ಸುಮಾರು 1,322 ಓಮ್. ಊರಿನ ಪಂಪು, ಗಿರಣಿಗಳೆಲ್ಲ ಒಮ್ಮೆಗೇ ಸುರುವಾಗಿ, ಉದ್ದನೆಯ ಲೈನಿನ ತುದಿಯ ಮನೆಯಲ್ಲಿ ವೋಲ್ಟೇಜು 160ಕ್ಕೆ ಇಳಿಯಿತೆನ್ನಿ. ರೋಧ ಅಷ್ಟೇ ಇದ್ದರೆ ಹರಿಯುವುದು 0.121 ಆಂಪಿಯರ್. ಗುಣಿಸಿ ನೋಡಿ: ಬರೀ 19 ವ್ಯಾಟು! ಬಲ್ಬಿನ ತಂತಿ ತುಸು ತಣ್ಣಗಾಗಿ ರೋಧ ಇಳಿಯುವುದರಿಂದ ಸುಮಾರು ಮೂರು ವ್ಯಾಟು ಹೆಚ್ಚು ಸಿಕ್ಕೀತು. ಆದರೆ ಬೆಳಕಿನಲ್ಲಿ ಮೂರರಲ್ಲೊಂದು ಪಾಲೂ ಉಳಿಯದು.

ದಾಖಲೆಯಲ್ಲಿ ಆ ಮನೆಗೆ ವಿದ್ಯುತ್ತು ಬಂದಾಗಿತ್ತು. ಮಕ್ಕಳು ಪರೀಕ್ಷೆಗೆ ಓದಿದ್ದು ಮಾತ್ರ ಚಿಮಣಿಯ ಮುಂದೆ.