ಗಂಗಾಮೂಲದಿಂದ ಪುಣೆಗೆ: ಪಂಡಿತಾ ರಮಾಬಾಯಿ ಮತ್ತು ಸ್ತ್ರೀ ಚಳವಳಿಯ ಬುನಾದಿ

ಪಶ್ಚಿಮ ಭಾರತದ ಸ್ತ್ರೀಜಾಗೃತಿಯ ಚರಿತ್ರೆಯನ್ನು ಪುಣೆಯಿಂದ ಆರಂಭಿಸುವುದು ವಾಡಿಕೆ. ಅದು ಯುಕ್ತವೂ ಹೌದು. 1848ರಲ್ಲಿ ಜೋತಿಬಾ ಫುಲೆ ದಂಪತಿಗಳು ಇಲ್ಲಿನ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಾಗ ಸಾವಿತ್ರಿಬಾಯಿಯವರಿಗೆ ಹದಿನೇಳರ ಆಸುಪಾಸಿನ ಪ್ರಾಯ. 1855ರಲ್ಲಿ ಫುಲೆಯವರ ಶಾಲೆಯ ವಿದ್ಯಾರ್ಥಿನಿ, ಮಾಂಗ ಜಾತಿಯ ಮುಕ್ತಾಬಾಯಿ, ಸುಮಾರು ಹದಿನಾಲ್ಕರ ಬಾಲೆ, ‘ಜ್ಞಾನೋದಯ’ ಪತ್ರಿಕೆಯಲ್ಲಿ ಒಂದು ನಿಬಂಧವನ್ನು ಬರೆದಳು. ಹೆರಿಗೆಯ ಹೊತ್ತಿನಲ್ಲಿಯೂ ತಲೆಯ ಮೇಲೆ ಸೂರಿಲ್ಲದ ತನ್ನವರ ದುಃಖವನ್ನು ಆಕೆ ಅದರಲ್ಲಿ ನಿರ್ಭಯವಾಗಿ ತೋಡಿಕೊಂಡಳು. ಆದರೆ ಆ ದನಿಯನ್ನು ಮುಂದುವರಿಸುವ ಸಂಸ್ಥೆಯೊಂದು ಅವಳ ಕೈಯಲ್ಲಿರಲಿಲ್ಲ.

ಸಂಸ್ಥೆ ಕಟ್ಟುವ ಕಾರ್ಯ ಇನ್ನೊಬ್ಬ ತರುಣಿಯ ಪಾಲಿಗೆ ಬಂದಿತು. ಆಕೆ ಹುಟ್ಟಿದ್ದು ಕನ್ನಡ ನೆಲದಲ್ಲಿ. ಕಾರ್ಕಳದ ಬಳಿಯ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರು ಮಡದಿಗೆ ಸಂಸ್ಕೃತ ಕಲಿಸಿ, ಸಮಾಜದ ವಿರೋಧವನ್ನು ಎದುರಿಸಿ, ಗಂಗಾಮೂಲದ ಕಾಡಿನಲ್ಲಿ ನೆಲೆಸಿದ್ದರು. ಅಲ್ಲಿ 1858ರಲ್ಲಿ ಜನಿಸಿದ ರಮಾಬಾಯಿ ತಾಯಿಯಿಂದಲೇ ಸಂಸ್ಕೃತ ಕಲಿತು, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’ ಎನಿಸಿಕೊಂಡರು. 1882ರಲ್ಲಿ ಪತಿಯನ್ನು ಕಳೆದುಕೊಂಡು, ಎಳೆಗೂಸಿನೊಡನೆ ಪುಣೆಗೆ ಬಂದ ಇಪ್ಪತ್ತನಾಲ್ಕರ ಈ ವಿಧವೆ ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಉಪಾಧ್ಯಾಯಿನಿಯರನ್ನೂ ವೈದ್ಯೆಯರನ್ನೂ ತರಬೇತುಗೊಳಿಸಬೇಕೆಂದು ಒತ್ತಾಯಿಸಿದರು.

1883ರಲ್ಲಿ ಅವರು ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. 1889ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಪುಣೆಗೆ ಬಂದ ಅವರ ಶಾರದಾ ಸದನವು ಮುಖ್ಯವಾಗಿ ಮೇಲ್ಜಾತಿಯ ಬಾಲವಿಧವೆಯರ ಆಶ್ರಯವಾಗಿತ್ತು. ಅದಕ್ಕೆ ಹಣ ಒದಗಿಸುತ್ತಿದ್ದುದು 1887ರಲ್ಲಿ ಬಾಸ್ಟನ್ನಿನಲ್ಲಿ ರಚಿತವಾದ ರಮಾಬಾಯಿ ಅಸೋಸಿಯೇಷನ್. ಇಲ್ಲಿನ ಸಲಹಾ ಮಂಡಳಿಯಲ್ಲಿದ್ದವರು ರಾನಡೆ, ಭಾಂಡಾರಕರರಂತಹ ಗಣ್ಯ ಪುರುಷರು. ಮತಾಂತರದ ಶಂಕೆಯೆದ್ದ 1893ರಲ್ಲಿ ಆ ಗಣ್ಯರು ಹಿಂದೆ ಸರಿದರು. ಪಾಲಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆದರೂ ಸದನದ ಫಲ ವ್ಯರ್ಥವಾಗಲಿಲ್ಲ. ಅಲ್ಲಿನ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ ಅದೇ ವರ್ಷ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಕರ್ವೆಯವರು 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು.

ರಮಾಬಾಯಿಯವರು ಈ ಅನುಭವದಿಂದ ಕುಗ್ಗಲಿಲ್ಲ. ಪುಣೆಯ ಸಮೀಪದ ಕೇಡಗಾಂವದಲ್ಲಿ ಜಮೀನು ಕೊಂಡು, ಬಾವಿ ತೋಡಿಸಿ, 1896–97ರ ಕ್ಷಾಮದಲ್ಲಿ ಅನಾಥರಾದ ನೂರಾರು ಹುಡುಗಿಯರಿಗೆ ಜಾತಿಭೇದವಿಲ್ಲದೆ ಅಲ್ಲಿ ನೆಲೆ ಕಲ್ಪಿಸಿದರು. ಬೇಸಾಯ, ನೇಯ್ಗೆ, ಮುದ್ರಣ ಎಲ್ಲವನ್ನೂ ಸ್ತ್ರೀಯರೇ ನಡೆಸಿದರು. ಮುಂದೆ ಗುಲ್ಬರ್ಗದಲ್ಲಿಯೂ ಒಂದು ಶಾಲೆ ಅವರಿಂದ ಸ್ಥಾಪಿತವಾಯಿತು. ಸ್ವಮತವನ್ನು ಆಶ್ರಮದ ಜೀವನದೊಡನೆ ಬೆರೆಸಿದರೆಂಬ ಟೀಕೆ 1922ರಲ್ಲಿ ಅವರು ತೀರಿಕೊಂಡ ಮೇಲೂ ಉಳಿಯಿತು. ಆ ಟೀಕೆಯನ್ನು ಚರಿತ್ರಕಾರನು ಮರೆಮಾಚಬೇಕಾಗಿಲ್ಲ.

ಇಂದು ಸ್ತ್ರೀವಾದದ ಭವಿಷ್ಯವನ್ನು ಕುರಿತು ಚಿಂತಿಸುವ ತರುಣಿಯರಿಗೆ ಈ ಇಬ್ಬರ ಚರಿತ್ರೆ ಎರಡು ಪ್ರಶ್ನೆಗಳನ್ನು ಒಡ್ಡುತ್ತದೆ. ಚಳವಳಿಯು ಯಾರ ದುಃಖವನ್ನು ನುಡಿಯುತ್ತದೆ? ಅದರ ಬೀಗದ ಕೈ ಮತ್ತು ಲೆಕ್ಕದ ಪುಸ್ತಕ ಯಾರ ವಶದಲ್ಲಿವೆ? ಮುಕ್ತಾಬಾಯಿಯ ನಿಬಂಧವು ಮೊದಲನೆಯದಕ್ಕೆ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಉತ್ತರ ದೊರೆತದ್ದು ಕೇಡಗಾಂವದಲ್ಲಿ. ಇವೆರಡೂ ಒಂದೆಡೆ ಕೂಡಿದಲ್ಲಿ ಮಾತ್ರ ತಾರುಣ್ಯದ ಕೆಚ್ಚು ಒಂದು ತಲೆಮಾರನ್ನು ದಾಟಿ ಬಾಳೀತು.