ಪದ ಪರಿಚಯ: ಕಾದಂಬರಿ

ನಾಗಪುರದ ಲಕ್ಷ್ಮೀನಗರದಲ್ಲಿ ಮನೆ ಮಾಡಿದ ಕನ್ನಡಿಗರು ಪಕ್ಕದ ಮನೆಯ ಮರಾಠಿಯವರಿಗೆ 'ಕಾದಂಬರಿ' ಎಂದರೆ ಸಾಕು, ಅರ್ಥ ಬಿಡಿಸಬೇಕಿಲ್ಲ. ಮರಾಠಿಯಲ್ಲೂ ಅದು ಕಾದಂಬರಿಯೇ. ಹಿಂದಿಯವರಿಗೆ ಮಾತ್ರ 'ಉಪನ್ಯಾಸ' ಎನ್ನಬೇಕು; ನಮಗೋ ಉಪನ್ಯಾಸವೆಂದರೆ ವೇದಿಕೆಯ ಭಾಷಣ!

ಮೂಲದಲ್ಲಿ ಕಾದಂಬರಿ ಒಬ್ಬ ಗಂಧರ್ವಕನ್ಯೆ. 7ನೇ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟನ ಸಂಸ್ಕೃತ ಗದ್ಯಕಥೆಯ ನಾಯಕಿ. ಶೂದ್ರಕ ರಾಜನ ಸಭೆಗೆ ಪಂಜರದಲ್ಲಿ ಬಂದ ಗಿಳಿಯೊಂದು ಅಲ್ಲಿ ಬಾಯಿ ಬಿಡುತ್ತದೆ. ಕಥೆಯೊಳಗೊಂದು ಕಥೆ ಬಿಚ್ಚಿಕೊಳ್ಳುತ್ತದೆ. ಬಾಣ ಅರ್ಧಕ್ಕೆ ಬಿಟ್ಟದ್ದನ್ನು ಮಗ ಮುಗಿಸಿದ. ನಾಗವರ್ಮ ಅದನ್ನು ಕನ್ನಡದಲ್ಲಿ 'ಕರ್ಣಾಟಕ ಕಾದಂಬರಿ' ಎಂಬ ಚಂಪೂಕಾವ್ಯವಾಗಿಸಿದ.

ಇಂಗ್ಲಿಷಿನ 'ನಾವೆಲ್' ನಮ್ಮಲ್ಲಿಗೆ ಬಂದಾಗ ಉದ್ದನೆಯ ಗದ್ಯಕಥೆಗೆ ಈ ಹೆಸರೇ ಒದಗಿತು. ಅಂಕಿತನಾಮ ರೂಢನಾಮವಾಯಿತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಬಂತು. ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು.

ಬಳಕೆಯಲ್ಲಿ ಈ ಪದ ಒಂಟಿಯಾಗಿ ನಿಲ್ಲುವುದು ಕಡಿಮೆ. ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ ಎಂಬ ವಿಶೇಷಣವೊಂದು ಮುಂದೆ ಬಂದು ಕೂರುತ್ತದೆ. ಅದು ಓದುಗನಿಗೆ ಕೊಟ್ಟ ಮಾತು. 'ಪತ್ತೇದಾರಿ' ಎಂದಮೇಲೆ ಅಪರಾಧ, ಸುಳಿವು, ಕೊನೆಗೆ ಗುಟ್ಟು ರಟ್ಟಾಗುವುದು ಇರಲೇಬೇಕು. 'ಐತಿಹಾಸಿಕ' ಎಂದರೆ ಕಾಲ, ಉಡುಗೆ, ಮಾತು ತಾಳೆಯಾಗಬೇಕು. 'ಸಾಮಾಜಿಕ' ಎಂದರೆ ಮನೆಯ ಜಗಳಕ್ಕೂ ಊರಿನ ಕಟ್ಟುಪಾಡಿಗೂ ನಂಟಿರಬೇಕು.

ಹೊಸದಾಗಿ ಬರೆಯುವವರು ಮೊದಲು ಆ ವಿಶೇಷಣವನ್ನು ಗಟ್ಟಿಮಾಡಿಕೊಳ್ಳಲಿ. ಕೊಟ್ಟ ಮಾತು ಮುರಿಯುವುದಾದರೂ ತಿಳಿದೇ ಮುರಿಯಲಿ.